ನನ್ನನ್ನು ಬೈಯದ ಮೇಷ್ಟ್ರು

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ನಮ್ಮ ಕಡೆಯವನಂತೂ ಅಲ್ಲ. ನಮ್ಮ ಕಡೆಯವನಾಗಿದ್ದರೆ ಅಡಿಕೆ ಕೊನೆ ತೆಗೆಯುವವರನ್ನು ಒಂದು ಸಲವಾದರೂ ತಲೆಯೆತ್ತಿ ನೋಡಿರುತ್ತಿದ್ದ. ಅವರು ಮರದ ತುದಿಯಲ್ಲಿ ಕೂತು, ಕೂತ ಮರವನ್ನೇ ಬಗ್ಗಿಸಿ, ಪಕ್ಕದ ಮರವನ್ನು ಹಿಡಿದು ಆಚೆ ದಾಟುತ್ತಾರೆ. ಬಗ್ಗಬೇಕಾದದ್ದು ಬೆಳೆದ ಮರವೇ. ಸಸಿಯನ್ನು ಯಾರು ಹತ್ತುತ್ತಾರೆ? ಆದರೂ ತೋಟ ಇರುವವರೇ ಈ ಗಾದೆಯನ್ನು ನನ್ನ ಮುಖಕ್ಕೆ ಹೇಳಿದ್ದಾರೆ. ಹೇಳಿ, ತಾವೇ ಹೊಸದಾಗಿ ಕಂಡುಹಿಡಿದವರಂತೆ ನಕ್ಕಿದ್ದಾರೆ.

ನಾನು ಪಿಯಾನೋ ಮುಟ್ಟಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಈಗ ಮೂವತ್ತು ದಾಟಿದೆ. ಮದುವೆಯಾಗಿ ತೀರ್ಥಹಳ್ಳಿಯಲ್ಲಿದ್ದೇನೆ, ಮನೆಯ ಮುಂದಿನ ಕೋಣೆಯಲ್ಲಿ ಒಂದು ಡಿಜಿಟಲ್ ಪಿಯಾನೋ ಇದೆ. ಬಂದವರು ಅದರ ಮೇಲೆ ಮೊಬೈಲು ಇಡುತ್ತಾರೆ, ಬ್ಯಾಗು ಇಡುತ್ತಾರೆ, ಒಬ್ಬರು ಹಲಸಿನ ಹಣ್ಣಿನ ತಟ್ಟೆಯನ್ನೇ ಇಟ್ಟರು. ಆಮೇಲೆ ಕೇಳುತ್ತಾರೆ, "ಇದನ್ನ ಸಣ್ಣವರಿದ್ದಾಗಲೇ ಕಲೀಬೇಕಂತೆ, ಹೌದಾ? ದೊಡ್ಡವರಾದ್ಮೇಲೆ ಬೆರಳು ತಿರುಗೋದಿಲ್ವಂತೆ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ ಅಂತ ನನ್ನ ಗಂಡ ಹೇಳುತ್ತಾನೆ. ಇಲ್ಲದೇ ಇರಬಹುದು. ನನ್ನ ಮನಸ್ಸಿನಲ್ಲಿ ಮಾತ್ರ ಇರುತ್ತದೆ. ಮೈಯೆಲ್ಲ ಉರಿಯುತ್ತದೆ. ಯಾಕೆ ಉರಿಯುತ್ತದೆ ಎನ್ನುವುದನ್ನು ಒಂದು ಸಲ ಸರಿಯಾಗಿ ಹೇಳಿಬಿಡುತ್ತೇನೆ.

ನಮ್ಮದು ಹೊಸನಗರ. ಅಪ್ಪನದು ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ. ಅಮ್ಮ ಹೆಂಗಸರ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದಳು, ಈಗಲೂ ನುಡಿಸುತ್ತಾಳೆ. ನನಗೆ ಏಳು ವರ್ಷವಾದಾಗ ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡು ಕಲಿಸಲು ಶುರು ಮಾಡಿದಳು. ಹಾರ್ಮೋನಿಯಂ ಎಂದರೆ ಗೊತ್ತಲ್ಲ, ಬಲಗೈ ಮಣೆಯ ಮೇಲೆ, ಎಡಗೈ ತಿದಿಯ ಮೇಲೆ. ಬಲಗೈ ಹಾಡುತ್ತದೆ, ಎಡಗೈ ಗಾಳಿ ಹಾಕುತ್ತದೆ. ಹೀಗೆ ನನ್ನ ಬಲಗೈ ಶಾಲೆಗೆ ಹೋಯಿತು, ಎಡಗೈ ಕೂಲಿಗೆ ಹೋಯಿತು.

ಅಮ್ಮ ಕಲಿಸಿದ ರೀತಿ ಒಂದೇ, ಬೈಗುಳ. "ಎಂತ ಮಾರಾಯ್ತಿ, ಕಿವಿ ಮನೇಲಿಟ್ಟು ಬಂದ್ಯಾ?" "ಸ್ವರ ಎಲ್ಲಿ, ನಿನ್ನ ಕೈ ಎಲ್ಲಿ!" ಮಂಡಳಿಯ ಹೆಂಗಸರೆದುರೇ ಬೈಯುತ್ತಿದ್ದಳು. ಅದೇ ಮಂಡಳಿಗೆ ಶೋಕಿಗೆ ಬರುವ ಒಬ್ಬ ಸಾಹುಕಾರರ ಸೊಸೆ ಎಷ್ಟು ಅಪಸ್ವರ ಹಾಡಿದರೂ ಅಮ್ಮ "ಚೆಂದ ಆಯ್ತು, ಚೆಂದ ಆಯ್ತು" ಎನ್ನುತ್ತಿದ್ದಳು. ಒಂದು ದಿನ ನಾನು ಅತ್ತುಕೊಂಡು ಕೇಳಿದೆ, ಅವರಿಗ್ಯಾಕೆ ಬೈಯೋದಿಲ್ಲ ಅಂತ. ಅಮ್ಮ ಹೂವು ಕಟ್ಟುತ್ತಿದ್ದವಳು ತಲೆಯೆತ್ತದೆ ಹೇಳಿದಳು, "ಅವ್ಳು ಕಲಿಯೂಕೆ ಬಂದವಳಲ್ಲ. ಬೈದು ಹೇಳೋರು ಬದುಕೂಕೆ ಹೇಳ್ತಾರೆ, ನಕ್ಕು ಹೇಳೋರು ಕೆಡೂಕೆ ಹೇಳ್ತಾರೆ." ನಮ್ಮ ಊರುಗಳಲ್ಲಿ ವಿದ್ಯೆಯ ಲೆಕ್ಕ ಇದೇ. ಗುರು ಬೈದರೆ ನೀವು ಒಳಗಿನವರು. ಗುರು ಮರ್ಯಾದೆ ಕೊಟ್ಟರೆ ನೀವು ನೆಂಟರು, ಕಾಫಿ ಕುಡಿದು ಹೋಗಬಹುದು.

ಡಿಗ್ರಿ ಓದಲು ಸಾಗರಕ್ಕೆ ಹೋದೆ, ಹಾಸ್ಟೆಲಿನಲ್ಲಿದ್ದೆ. ಒಂದು ಭಾನುವಾರ ಗೆಳತಿಯರ ಜೊತೆ ವರದಹಳ್ಳಿಯ ಆಶ್ರಮಕ್ಕೆ ಹೊರಟಿದ್ದೆ. ಬಸ್ಸು ಬರದೆ ಆ ರಸ್ತೆಯಲ್ಲೇ ಸ್ವಲ್ಪ ದೂರ ನಡೆದೆವು. ಒಂದು ಮನೆಯ ಕಿಟಕಿಯಿಂದ ಪಿಯಾನೋ ಕೇಳಿಸಿತು. ಮೊಬೈಲಿನಲ್ಲಿ ಕೇಳಿದ್ದೇ ಬೇರೆ, ಇದೇ ಬೇರೆ. ಹಾರ್ಮೋನಿಯಂ ಸ್ವರ ಬೆರಳು ಇಟ್ಟಷ್ಟು ಹೊತ್ತೂ ನಿಲ್ಲುತ್ತದೆ. ಇದು ಹುಟ್ಟಿದ ತಕ್ಷಣ ಸಾಯಲು ಶುರುವಾಗುತ್ತಿತ್ತು, ಸಾಯುವ ಮೊದಲು ಇನ್ನೊಂದು ಬಂದು ಅದನ್ನು ಹಿಡಿದುಕೊಳ್ಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಎರಡು ಕೈಯೂ ಹಾಡುತ್ತಿದ್ದವು. ಎಡಗೈಗೂ ಹಾಡಲಿಕ್ಕೆ ಬರುತ್ತದೆ ಅಂತ ನನಗೆ ಗೊತ್ತಾದದ್ದೇ ಅವತ್ತು. ಗೆಳತಿಯರು ಬಸ್ಸು ಹತ್ತಿ ಹೋದರು. ನಾನು ಗೇಟು ತೆಗೆದು ಒಳಗೆ ಹೋದೆ.

ಮನೆಯ ಯಜಮಾನರೇ ಪಿಯಾನೋ ಮೇಷ್ಟ್ರು. ಪ್ರಾಯದಲ್ಲಿ ಮುಂಬಯಿಯ ಹೋಟೆಲುಗಳಲ್ಲಿ ನುಡಿಸಿ, ವಯಸ್ಸಾದ ಮೇಲೆ ಪಿಯಾನೋವನ್ನು ಲಾರಿಗೆ ಹಾಕಿಸಿಕೊಂಡು ಊರಿಗೆ ಬಂದವರು. ಊರಿನ ಡಾಕ್ಟರು, ವಕೀಲರು, ವ್ಯಾಪಾರಸ್ಥರ ಮಕ್ಕಳು ಅವರ ಹತ್ತಿರ ಕಲಿಯುತ್ತಿದ್ದರು. ನಾನು ಕಲಿಯಬೇಕು ಅಂದಾಗ ಅವರು ಮೊದಲು ನನ್ನ ಬೆರಳು ನೋಡಲಿಲ್ಲ, ಕಾಲೇಜು ಯಾವುದು ಅಂತ ಕೇಳಿದರು.

"ವಯಸ್ಸೆಷ್ಟು?"

"ಹತ್ತೊಂಬತ್ತು."

"ಅಯ್ಯೋ," ಅಂದರು, ನನ್ನ ಮನೆಯಲ್ಲಿ ಯಾರೋ ಹೋದ ಸುದ್ದಿ ಕೇಳಿದವರಂತೆ. "ಲೇಟಾಯ್ತಲ್ಲಮ್ಮ. ಇರ್ಲಿ, ಬನ್ನಿ. ನಿಮ್ಮ ಖುಷಿಗೆ ಎಷ್ಟು ಬರ್ತದೋ ಅಷ್ಟು."

ಈ 'ನಿಮ್ಮ ಖುಷಿಗೆ' ಎಂಬ ಮಾತು ಎಷ್ಟು ವಿಷದ್ದು ಅಂತ ನನಗೆ ಆಗ ತಿಳಿಯಲಿಲ್ಲ. ಸಂತೋಷದಿಂದ ಕಾಲಿಗೆ ಬಿದ್ದು ಬಂದೆ. ಶನಿವಾರ ಸಂಜೆ ಮಕ್ಕಳ ಪಾಠ ಮುಗಿದ ಮೇಲೆ ನನ್ನ ಸರದಿ. ನಾನು ಬೇಗನೆ ಹೋಗಿ ಜಗಲಿಯ ಬೆಂಚಿನಲ್ಲಿ ಕೂತು ಮಕ್ಕಳ ಪಾಠ ಕೇಳುತ್ತಿದ್ದೆ. ಮೇಷ್ಟ್ರು ಮಕ್ಕಳ ಹಿಂದೆಯೇ ನಿಂತಿರುತ್ತಿದ್ದರು. ಒಂದೊಂದು ಮಗುವಿಗೂ ಕೂರುವ ಸ್ಟೂಲನ್ನು ತಾವೇ ತಿರುಗಿಸಿ ಎತ್ತರಿಸಿ ಕೊಡುತ್ತಿದ್ದರು. ಮಣಿಕಟ್ಟು ಇಳಿದರೆ ಪೆನ್ಸಿಲಿನಿಂದ ತಟ್ಟುತ್ತಿದ್ದರು. "ನಾಲ್ಕನೇ ಬೆರಳು ಸತ್ತೋಯ್ತಾ? ಎಬ್ಸು ಅದನ್ನ!" "ಇದೇ ತಪ್ಪು ಹೋದ ವಾರವೂ ಮಾಡಿದ್ಯಲ್ಲೋ ಮಂಗ!" ಮಕ್ಕಳು ಮುಖ ಊದಿಸಿಕೊಂಡು ಹೊರಗೆ ಬರುತ್ತಿದ್ದವು. ಎಂಟು ವರ್ಷದ ಒಂದು ಹುಡುಗಿಯಂತೂ ಪ್ರತಿ ವಾರ ಅಳುತ್ತಿದ್ದಳು, ಪ್ರತಿ ವಾರ ಮುಂದೆ ಹೋಗುತ್ತಿದ್ದಳು.

ಆಮೇಲೆ ನಾನು ಒಳಗೆ ಹೋಗುತ್ತಿದ್ದೆ. ಮೇಷ್ಟ್ರು ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರದ ಆರಾಮ ಕುರ್ಚಿಯಲ್ಲಿ ಕೂರುತ್ತಿದ್ದರು. "ಹ್ಞಾ, ನುಡಿಸಿ," ಅನ್ನುತ್ತಿದ್ದರು, ರಸ್ತೆ ನೋಡುತ್ತಾ. ನಾನು ನುಡಿಸುತ್ತಿದ್ದೆ. ತಪ್ಪುತ್ತಿದ್ದೆ. "ಪರವಾಗಿಲ್ಲ ಬಿಡಿ," ಅನ್ನುತ್ತಿದ್ದರು. ಎಡಗೈ ಹಿಂದೆ ಬಿದ್ದರೆ "ಅದು ಹಾಗೇ, ಈ ವಯಸ್ಸಲ್ಲಿ ಎಡಗೈ ಬರೋದು ಕಷ್ಟ. ಅದ್ರಲ್ಲೂ ನಿಮ್ದು ಹಾರ್ಮೋನಿಯಂ ಕೈ." ಫೀಸಿನಲ್ಲಿ ಮಾತ್ರ ವಯಸ್ಸಿಗೆ ರಿಯಾಯಿತಿ ಇರಲಿಲ್ಲ.

ಮೊದಲ ಕೆಲವು ತಿಂಗಳು ಎಷ್ಟು ಒಳ್ಳೆಯವರು ಅಂದುಕೊಂಡೆ. ಹೊಸನಗರಕ್ಕೆ ಹೋದಾಗ ಅಮ್ಮ ಕೇಳಿದಳು, "ಮೇಷ್ಟ್ರು ಹ್ಯಾಂಗೆ? ಬೈತಾರಾ?"

"ಇಲ್ಲಮ್ಮ, ಒಂದಿನವೂ ಬೈದಿಲ್ಲ. ಬಹುವಚನದಲ್ಲೇ ಮಾತಾಡಿಸ್ತಾರೆ."

ಅಮ್ಮ ನನ್ನನ್ನು ಒಂದು ಥರ ನೋಡಿದಳು. "ಹಂಗಾರೆ ಕಲ್ಸ್ತಾ ಇಲ್ಲ," ಅಂದು ಒಳಗೆ ಹೋದಳು.

ಆ ಮಾತು ತಲೆಯೊಳಗೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. ಆಮೇಲಿನಿಂದ ನಾನು ಪ್ರತಿ ಶನಿವಾರ ಗಮನಿಸತೊಡಗಿದೆ. ಮಗು ತಪ್ಪಿದರೆ ಅಭ್ಯಾಸ ಸಾಲದು, ಬೆರಳು ಸರಿಯಿಲ್ಲ, ಲೆಕ್ಕ ತಪ್ಪಿದೆ, ಮತ್ತೆ ಮಾಡು. ನಾನು ತಪ್ಪಿದರೆ ವಯಸ್ಸು. ಮಗುವಿನ ತಪ್ಪಿಗೆ ನೂರು ಕಾರಣ, ನೂರು ಔಷಧಿ. ನನ್ನ ತಪ್ಪಿಗೆ ಒಂದೇ ಕಾರಣ, ಅದಕ್ಕೆ ಔಷಧಿಯೇ ಇಲ್ಲ. ಕಾರಣ ಮೊದಲೇ ಗೊತ್ತಿದ್ದ ಮೇಲೆ ಕೈಯನ್ನು ಯಾಕೆ ನೋಡಬೇಕು? ರಸ್ತೆ ನೋಡಿದರೂ ಆಯಿತು.

ಎರಡನೇ ವರ್ಷ ಒಂದು ಶನಿವಾರ ನಾನು ಪರೀಕ್ಷೆ ಮಾಡಿದೆ. ಬೇಕೆಂದೇ ತಪ್ಪು ನುಡಿಸಿದೆ. ಸಣ್ಣ ತಪ್ಪಲ್ಲ, ಎಡಗೈಯದ್ದು ಒಂದು ಸಾಲು ಪೂರ್ತಿ ಬಿಟ್ಟೆ. ಮೇಷ್ಟ್ರು ರಸ್ತೆ ನೋಡುತ್ತಿದ್ದರು. ಇನ್ನೊಂದು ಸಾಲು ಬಿಟ್ಟೆ. ಕಾಫಿ ಗುಟುಕರಿಸಿದರು. ಕೊನೆಗೆ ರೋಸಿಹೋಗಿ, ಪಾಠವನ್ನೇ ಬಿಟ್ಟು, ಅಮ್ಮನ ಮಂಡಳಿಯ ಒಂದು ಭಜನೆಯ ಧಾಟಿಯನ್ನು ಬಲಗೈ ಒಂದರಲ್ಲೇ ಬಾರಿಸಿ ಮುಗಿಸಿದೆ. ಮೇಷ್ಟ್ರು ಇತ್ತ ತಿರುಗಿ ಹೇಳಿದರು, "ಚೆನ್ನಾಗಿದೆ. ಇವತ್ತು ಪರವಾಗಿಲ್ಲ."

ಅವತ್ತು ವರದಹಳ್ಳಿ ರಸ್ತೆಯಲ್ಲಿ ನಾನು ನಡೆದ ನಡಿಗೆ ನೋಡಿದವರು ಯಾರೊಂದಿಗೋ ಜಗಳಕ್ಕೆ ಹೊರಟಿದ್ದಾಳೆ ಅಂದುಕೊಂಡಿರಬೇಕು. ಆಶ್ರಮದಿಂದ ಬರುತ್ತಿದ್ದ ಅಜ್ಜಿಯೊಬ್ಬರು ಪ್ರಸಾದ ಕೊಡಲು ಕೈ ಚಾಚಿದವರು ನನ್ನ ಮುಖ ನೋಡಿ ಕೈ ಹಿಂದೆ ತೆಗೆದುಕೊಂಡರು. ಪಾಠ ಬಿಟ್ಟುಬಿಡೋಣ ಅನಿಸಿತು. ಆದರೆ ಬಿಟ್ಟರೆ ಎಲ್ಲಿಗೆ ಹೋಗುವುದು? ಇಡೀ ಸಾಗರದಲ್ಲಿ ನನಗೆ ಗೊತ್ತಿದ್ದ ಪಿಯಾನೋ ಅದೊಂದೇ. ನನಗೆ ಹೊಗಳಿಕೆ ಬೇಕಾಗಿರಲಿಲ್ಲ, ಸರ್ಟಿಫಿಕೇಟು ಬೇಕಾಗಿರಲಿಲ್ಲ. ಆ ಮನುಷ್ಯ ಒಂದೇ ಒಂದು ಸಲ ನನ್ನ ಕೈ ನೋಡಿ, ಇಲ್ಲಿ ತಪ್ಪು, ಹೀಗೆ ಮಾಡು, ಅನ್ನಬೇಕಿತ್ತು. ಅದನ್ನು ಬಾಯಿಬಿಟ್ಟು ಕೇಳಿಯೂ ಕೇಳಿದೆ. "ಸಾರ್, ನನ್ನ ತಪ್ಪು ಹೇಳಿ," ಅಂದೆ. ಅವರು ನಕ್ಕರು. "ತಪ್ಪು ನಿಮ್ದಲ್ಲಮ್ಮ," ಅಂದರು.

ಅವರ ಮನೆಯಲ್ಲಿ ವರ್ಷಕ್ಕೊಮ್ಮೆ ಜನವರಿಯಲ್ಲಿ ಶಿಷ್ಯರ ಕಾರ್ಯಕ್ರಮ ಆಗುತ್ತಿತ್ತು. ಅಂಗಳಕ್ಕೆ ಶಾಮಿಯಾನ, ಪಿಯಾನೋವನ್ನು ನಾಲ್ಕು ಜನ ಸೇರಿ ಜಗಲಿಗೆ ತಳ್ಳುವುದು, ಮೈಕು, ಸ್ವಾಗತ, ದೀಪ, ಹಣ್ಣಿನ ಬುಟ್ಟಿ, ಮುಖ್ಯ ಅತಿಥಿಗಳ ಭಾಷಣ. ಆ ವರ್ಷ ನಾನು ಎರಡು ಕೈಯಲ್ಲಿ ನುಡಿಸುವ ನಿಧಾನಗತಿಯ ಒಂದು ತುಣುಕನ್ನು ತಯಾರು ಮಾಡಿಕೊಂಡಿದ್ದೆ. ಅದರಲ್ಲಿ ಹಾಡು ಎಡಗೈಯಲ್ಲೇ ಶುರುವಾಗಿ ಬಲಗೈಗೆ ಹೋಗುತ್ತಿತ್ತು. ಹಾಸ್ಟೆಲಿನ ಊಟದ ಮೇಜಿನ ಮೇಲೆ ಬೆರಳಾಡಿಸಿ ಆಡಿಸಿ ಕಲಿತಿದ್ದೆ. ಎಲ್ಲರೆದುರು ನುಡಿಸಿದರೆ ಮೇಷ್ಟ್ರು ಕೇಳಲೇಬೇಕಾಗುತ್ತದೆ, ಅಲ್ಲಿ ನೋಡಲು ರಸ್ತೆ ಇರುವುದಿಲ್ಲ ಎನ್ನುವುದು ನನ್ನ ಲೆಕ್ಕ.

"ನಾನೂ ಒಂದು ನುಡಿಸ್ತೀನಿ ಸಾರ್," ಅಂದೆ.

"ನೀವು ನಿರೂಪಣೆ ಮಾಡಿ," ಅಂದರು. "ನಿಮ್ಮ ಕನ್ನಡ ಚೆನ್ನಾಗಿದೆ. ಮಕ್ಕಳ ಮಧ್ಯೆ ನೀವು ನುಡಿಸಿದ್ರೆ ನಿಮಗೇ ಮುಜುಗರ."

ನನಗೆ ಮುಜುಗರ! ನನ್ನ ಮುಜುಗರದ ಕಾಳಜಿ ಊರಿಗೆಲ್ಲ ಇತ್ತು, ನನಗೊಬ್ಬಳಿಗೆ ಇರಲಿಲ್ಲ. ಆದರೂ ಒಪ್ಪಿಕೊಂಡೆ. ರೇಷ್ಮೆ ಸೀರೆ ಉಟ್ಟೆ, ಮೈಕು ಹಿಡಿದೆ. 'ಈಗ ತಮ್ಮ ಪುಟ್ಟ ಬೆರಳುಗಳಿಂದ ನಮ್ಮನ್ನು ರಂಜಿಸಲು ಬರುತ್ತಿದ್ದಾರೆ' ಎಂದು ಒಂದೊಂದು ಮಗುವನ್ನೂ ಕರೆದೆ. ಪುಟ್ಟ ಬೆರಳು, ಪುಟಾಣಿ ಬೆರಳು, ಎಳೆಯ ಬೆರಳು. ಮಕ್ಕಳು ಚೆನ್ನಾಗಿಯೇ ನುಡಿಸಿದವು. ಅವುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಅಳುತ್ತಿದ್ದ ಹುಡುಗಿ ಎಲ್ಲರಿಗಿಂತ ಚೆನ್ನಾಗಿ ನುಡಿಸಿ, ಇಳಿದು ಹೋಗುವಾಗ ನನ್ನ ಸೀರೆ ಮುಟ್ಟಿ ನೋಡಿ ಹೋದಳು.

ಆಮೇಲೆ ಮುಖ್ಯ ಅತಿಥಿಗಳು, ನಿವೃತ್ತ ಪ್ರಾಂಶುಪಾಲರು, ಎದ್ದು ನಿಂತರು. ತಂದೆ ತಾಯಿಗಳನ್ನು ಅಭಿನಂದಿಸಿದರು. ಸರಿಯಾದ ವಯಸ್ಸಿಗೆ ಸರಿಯಾದ ವಿದ್ಯೆ ಎಂದರು. ಆ ವಯಸ್ಸು ಮೀರಿದರೆ ಸಂಗೀತ ಕೈಗೆ ಹತ್ತುವುದಿಲ್ಲ, ವಿಜ್ಞಾನವೇ ಹಾಗೆ ಹೇಳುತ್ತದೆ ಎಂದರು. ಯಾವ ವಿಜ್ಞಾನವೋ, ಅವರು ಪಾಠ ಮಾಡಿದ್ದು ಇತಿಹಾಸ. ಕೊನೆಗೆ ಬಂದೇ ಬಂತು. "ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ, ಗಿಡವಾಗಿ ಬಗ್ಗದ್ದು..." ಎಂದು ನಿಲ್ಲಿಸಿದರು. ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ, ಶಾಲೆಯಲ್ಲಿ ಮಗ್ಗಿ ಹೇಳಿದ ಹಾಗೆ, "ಮರವಾಗಿ ಬಗ್ಗೀತೇ!" ಎಂದರು. ಚಪ್ಪಾಳೆ ಬಿತ್ತು.

ಪಿತ್ತ ನೆತ್ತಿಗೇರಿತು. ವಂದನಾರ್ಪಣೆ ಮಾಡಬೇಕಿದ್ದ ಹೊತ್ತಿಗೆ ನಾನು ಮೈಕಿನಲ್ಲಿ ಹೇಳಿದೆ, "ಈಗ ಕೊನೆಯ ಕಾರ್ಯಕ್ರಮ. ತಮ್ಮ ಬಲಿತ ಬೆರಳುಗಳಿಂದ ನಿಮ್ಮನ್ನು ರಂಜಿಸಲು, ನಾನು." ಯಾರೋ ನಕ್ಕರು. ಮೇಷ್ಟ್ರು ಮೊದಲ ಸಾಲಿನಲ್ಲಿ ಅರ್ಧ ಎದ್ದು ಮತ್ತೆ ಕೂತರು. ಮೈಕನ್ನು ಪಿಯಾನೋ ಮೇಲಿಟ್ಟೆ. ಆಫ್ ಮಾಡುವುದು ತಲೆಗೇ ಬರಲಿಲ್ಲ.

ಕೂತೆ. ಸ್ಟೂಲು ಮಕ್ಕಳಿಗೆ ಎತ್ತರಿಸಿದ ಹಾಗೆಯೇ ಇತ್ತು. ಪ್ರತಿ ಶನಿವಾರವೂ ಹಾಗೇ ಇರುತ್ತಿತ್ತು. ಅದರಲ್ಲಿ ನೇರ ಕೂತರೆ ನನ್ನ ತೊಡೆ ಪಿಯಾನೋದ ಅಡಿಗೆ ತಾಗುತ್ತದೆ. ಹಾಗಾಗಿ ಮೊಣಕಾಲು ಎರಡನ್ನೂ ಬಲಕ್ಕೆ ತಿರುಗಿಸಿ, ಓರೆಯಾಗಿ ಕೂರುವುದು ನನಗೆ ರೂಢಿಯಾಗಿತ್ತು. ಮೇಷ್ಟ್ರ ಮನೆಯ ಸ್ಟೂಲನ್ನು ಅವರನ್ನು ಕೇಳದೆ ತಿರುಗಿಸುವ ಬುದ್ಧಿ ನನಗೆ ಬಂದಿರಲಿಲ್ಲ. ಕೇಳಲು ನಾಚಿಕೆ. ಮನೆಯಲ್ಲಿ ಹಾರ್ಮೋನಿಯಂ ಸರಿಯಿಲ್ಲ ಅಂದಾಗಲೆಲ್ಲ ಅಮ್ಮ 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂದು ಬಾಯಿ ಮುಚ್ಚಿಸಿದ್ದಳು. ವಯಸ್ಸು ಮೀರಿ ಬಂದವಳು ಸ್ಟೂಲಿನ ಮೇಲೆ ದೂರು ಹೇಳಿದರೆ ಯಾರು ಕೇಳುತ್ತಾರೆ? ಅದಕ್ಕೇ ಎರಡು ವರ್ಷ ತುಟಿಪಿಟಿಕ್ಕೆನ್ನದೆ ಓರೆಯಾಗಿ ಕೂತು ನುಡಿಸಿದೆ.

ಎಡಗೈ ಶುರು ಮಾಡಿತು. ಮೊದಲ ಸಾಲು ಬಂತು. ಎರಡನೇ ಸಾಲಿನಲ್ಲಿ ಇನ್ನೂ ಕೆಳಗಿನ ಸ್ವರಕ್ಕೆ ಹೋಗಬೇಕು, ಕೈ ಬೆನ್ನ ಹಿಂದಿನಿಂದ ಏನನ್ನೋ ತೆಗೆದುಕೊಳ್ಳುವ ಹಾಗೆ ಚಾಚಿತು, ಸಿಗಲಿಲ್ಲ. ಮತ್ತೆ ಹಿಡಿದೆ. ಮತ್ತೆ ತಪ್ಪಿತು. ಅಂಗಳದಲ್ಲಿ ಯಾರೋ ಪಾಪ ಅಂದರು. ಪಾಪ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಲ್ಲು ಕಚ್ಚಿ ಮೂರನೇ ಸಲ ಶುರು ಮಾಡಿದೆ.

"ಏ! ನಿಲ್ಸು, ನಿಲ್ಸು!"

ಮೇಷ್ಟ್ರು ಜಗಲಿ ಹತ್ತಿ ಬಂದಿದ್ದರು. ಮುಖ ಕೆಂಪಾಗಿತ್ತು. "ಎಂತ ಕೂರೋದೇ ಅದು? ಬೈಕಿನ ಹಿಂದೆ ಕೂತ ಹಾಗೆ! ಹಾಗೆ ಕೂತ್ರೆ ಎಡಗೈ ಎಲ್ಲಿಂದ ಬರ್ಬೇಕು? ಬುದ್ಧಿ ಇಲ್ವಾ ನಿಂಗೆ? ಯಾವ ಕತ್ತೆ ಹೇಳ್ಕೊಟ್ಟದ್ದು ನಿಂಗೆ ಹಾಗೆ ಕೂರೂಕೆ?"

ಮೈಕು ಪಿಯಾನೋ ಮೇಲೆ ಹಾಗೇ ಇತ್ತು. ಅವರ ಮಾತು ಅಂಗಳ ದಾಟಿ ರಸ್ತೆಯವರೆಗೆ ಕೇಳಿಸಿತು. ನನ್ನದೂ ಕೇಳಿಸಿತು.

"ಎರಡು ವರ್ಷದಿಂದ ಹೀಗೇ ಕೂತಿದೀನಿ ಸಾರ್. ನಿಮ್ಮ ಮನೇಲೇ. ನೀವು ನೋಡ್ಲಿಲ್ಲ."

ಮೇಷ್ಟ್ರು ಕಿಟಕಿಯ ಕಡೆ ನೋಡಲಿಲ್ಲ, ಜನರ ಕಡೆ ನೋಡಲಿಲ್ಲ. ನನ್ನ ಮೊಣಕಾಲು ನೋಡಿದರು, ಸ್ಟೂಲು ನೋಡಿದರು. "ಏಳು," ಅಂದರು. ಪಂಚೆ ಎತ್ತಿಕೊಂಡು ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು ಸ್ಟೂಲನ್ನು ತಿರುಗಿಸತೊಡಗಿದರು. ಅದು ಕೀಚ್ ಕೀಚ್ ಅನ್ನುವುದೂ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಇಳಿಯುತ್ತಲೇ ಹೋಯಿತು. ಅಷ್ಟು ಇಳಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

"ಕೂತ್ಕೋ. ನೇರ. ಮೊದಲಿಂದ."

ನೇರ ಕೂತೆ. ಕಾಲು ನೆಲ ಮುಟ್ಟಿ ನಿಂತವು. ಎಡಗೈಯನ್ನು ಇಟ್ಟೆ, ಇಟ್ಟ ಕಡೆ ಸ್ವರ ಇತ್ತು. ಪವಾಡ ಏನೂ ಆಗಲಿಲ್ಲ, ತಪ್ಪಿದೆ, ಆಗಾಗ ತಪ್ಪಿದೆ. ಆದರೆ ಕೆಳಗಿನ ಸ್ವರ ಹುಡುಕದೆ ಸಿಕ್ಕಿತು. ಮೇಷ್ಟ್ರು ನನ್ನ ಹಿಂದೆಯೇ ನಿಂತು ಒಂದೊಂದು ತಪ್ಪಿಗೂ ಕೂಗಿದರು. "ಮೂರನೇ ಬೆರಳು! ಮೂರನೇದು ಅಂದೆ!" "ಓಡ್ಬೇಡ, ಬಸ್ಸು ತಪ್ಪೋಗ್ತದಾ ನಿಂಗೆ?" ಪ್ರಾಂಶುಪಾಲರು ಗಡಿಯಾರ ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಮಕ್ಕಳು ಕಿಸಕ್ಕೆಂದು ನಗುತ್ತಿದ್ದವು, ಬೈಸಿಕೊಳ್ಳುವುದು ಏನು ಅಂತ ಅವಕ್ಕೆ ಗೊತ್ತಿತ್ತು. ನನ್ನ ಕಣ್ಣಿನಿಂದ ನೀರು ಇಳಿದು ಸೀರೆಯ ಮೇಲೆ ಬೀಳುತ್ತಿತ್ತು. ಸಂತೋಷದ್ದು ಅಂತ ಆಮೇಲೆ ಬಹಳ ಜನ ಹೇಳಿದರು. ಅಲ್ಲ. ಅಷ್ಟು ಸಿಟ್ಟು ನನಗೆ ಜೀವಮಾನದಲ್ಲಿ ಬಂದಿರಲಿಲ್ಲ. ಸ್ಟೂಲು ಇಳಿಸಲು ಎಷ್ಟು ಹೊತ್ತು ಬೇಕಾಯಿತು? ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಬೇಡ.

ತಡವಾಗಿ ಶುರು ಮಾಡಿದರೆ ನಷ್ಟ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸುಳ್ಳು ಹೇಳಿ ಗೆಲ್ಲುವ ಅಗತ್ಯ ನನಗಿಲ್ಲ. ಇವತ್ತಿಗೂ ವೇಗದ ಸಾಲುಗಳು ಬಂದರೆ ನನ್ನ ಬೆರಳು ಯೋಚನೆ ಮಾಡುತ್ತವೆ. ಚಿಕ್ಕಂದಿನಲ್ಲಿ ಕಲಿತವರ ಬೆರಳು ಯೋಚನೆ ಮಾಡುವುದಿಲ್ಲ. ಬರೆದ ಸಂಗೀತವನ್ನು ಓದುವಾಗ ನನ್ನ ತುಟಿ ಅಲ್ಲಾಡುತ್ತದೆ, ದೊಡ್ಡವರಾದ ಮೇಲೆ ಅಕ್ಷರ ಕಲಿತವರದು ಅಲ್ಲಾಡುವ ಹಾಗೆ. ಇನ್ನೊಂದು ಕಡೆ, ಹಾಡಿನಲ್ಲಿ ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಕಾಯಬೇಕು ಎನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ, ಅದು ಅಮ್ಮನ ಬೈಗುಳದಲ್ಲೇ ಬಂದಿತ್ತು. ಹೀಗೆ ಸ್ವಲ್ಪ ಹೋಗಿದೆ, ಸ್ವಲ್ಪ ಇದೆ. ಆದರೆ ನನಗೆ ಬಾರದೇ ಇರುವುದರಲ್ಲಿ ವಯಸ್ಸಿನ ಪಾಲು ಎಷ್ಟು, ಯಾರೂ ನೋಡದೆ ಕಳೆದ ಆ ಎರಡು ವರ್ಷಗಳ ಪಾಲು ಎಷ್ಟು? ಇದನ್ನು ಈಗ ಯಾರೂ ಬೇರೆ ಮಾಡಿ ಹೇಳಲಾರರು. ಹಾಲಿಗೆ ನೀರು ಬೆರೆಸಿಟ್ಟು, ಹಾಲೇ ತೆಳ್ಳಗೆ ಅಂತ ಹಸುವನ್ನು ದೂರಿದ ಹಾಗಾಯಿತು. ತೀರ್ಥಹಳ್ಳಿಯ ಜನ ಬೆರಳು ತಿರುಗುತ್ತದೋ ಇಲ್ಲವೋ ಅಂತ ಕೇಳಿದಾಗ ನನಗೆ ಉತ್ತರ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವರ ಮೇಲೆ ಸಿಟ್ಟು ಬರುತ್ತದೆ.

ಅವತ್ತು ಜನ ಉಪ್ಪಿಟ್ಟು ತಿಂದು ಹೋದ ಮೇಲೆ, ಶಾಮಿಯಾನದವರು ಕುರ್ಚಿ ಒಂದರ ಮೇಲೊಂದು ಪೇರಿಸುತ್ತಿದ್ದರು. ಮೇಷ್ಟ್ರು ಜಗಲಿಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಕಾಲಿಗೆ ಬೀಳಲಿಲ್ಲ.

"ಈ ಬೈಗುಳನ್ನೆಲ್ಲ ಎರಡು ವರ್ಷ ಎಲ್ಲಿಟ್ಟಿದ್ರಿ ಸಾರ್?"

ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಮೋಸದ ಮನುಷ್ಯ ಅಲ್ಲ ಅವರು, ಮೋಸಗಾರರಾಗಿದ್ದರೆ ಸುಲಭವಾಗಿತ್ತು.

"ಖರೆ ಹೇಳ್ಲಾ?" ಅಂದರು. "ವಯಸ್ಸು ಗಿಯಸ್ಸು ಅಂದದ್ದು ಸುಮ್ನೆ. ನಿನ್ನ ಬೆರಳು ನಾನು ಸರಿಯಾಗಿ ನೋಡೇ ಇರ್ಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ, ಡಿಗ್ರಿ ಮುಗೀತದೆ, ಮದುವೆ ಆಗ್ತದೆ, ಬಿಟ್ಟು ಹೋಗ್ತದೆ. ಹೋಗೋರಿಗೆ ಎಂತಕ್ಕೆ ಬೈದು ಬೇಜಾರು ಮಾಡೋದು ಅಂದ್ಕೊಂಡೆ."

ಅಷ್ಟೇ ವಿಷಯ. ಬಲಿತ ಬೆರಳೂ ಅಲ್ಲ, ಹಾರ್ಮೋನಿಯಂ ಕೈಯೂ ಅಲ್ಲ, ವಿಜ್ಞಾನವೂ ಅಲ್ಲ. ಎರಡು ವರ್ಷ ನಾನು ನನ್ನ ಎಡಗೈಯನ್ನು ಬೈದುಕೊಂಡಿದ್ದೆ, ಹುಟ್ಟಿದ ಊರನ್ನು ಬೈದುಕೊಂಡಿದ್ದೆ, ತಡವಾಗಿ ಆ ರಸ್ತೆಯಲ್ಲಿ ನಡೆದ ಆ ಭಾನುವಾರವನ್ನು ಬೈದುಕೊಂಡಿದ್ದೆ. ಈ ಮನುಷ್ಯ ಅಷ್ಟು ಹೊತ್ತೂ ಕಿಟಕಿಯ ಹತ್ತಿರ ಕೂತು ನನ್ನ ಮದುವೆಯ ದಿಬ್ಬಣ ನೋಡುತ್ತಿದ್ದರು. ಕೇಳಿಯೇ ಕೇಳಿದೆ.

"ಮದುವೆ ಆಗಿ ಹೋಗುವಾಗ ಕೈ ಇಲ್ಲೇ ಬಿಟ್ಟು ಹೋಗ್ತೀನಾ ಸಾರ್?"

ಅವರು ನನ್ನ ಕೈ ನೋಡಿದರು. ಶನಿವಾರ ಮಕ್ಕಳ ಜೊತೆಗೇ ಬಾ ಅಂದರು. ಹೋದೆ, ಮದುವೆಯಾದ ಮೇಲೂ ತೀರ್ಥಹಳ್ಳಿಯಿಂದ ಹೊಸನಗರದ ಬಸ್ಸು ಹಿಡಿದು, ಅಲ್ಲಿಂದ ಸಾಗರದ ಬಸ್ಸು ಹಿಡಿದು ಹೋಗುತ್ತಲೇ ಇದ್ದೇನೆ. ಅವರು ಬೈಯುತ್ತಲೇ ಇದ್ದಾರೆ.